ಜಾಕೊಮೊ ಚಾಮಿಚಾನ್

ಜಾಕೊಮೊ ಲುಯಿಜಿ ಚಾಮಿಚಾನ್ (27 ಆಗಸ್ಟ್ 1857 – 2 ಜನವರಿ 1922) ಇಟಲಿಯ ರಸಾಯನವಿಜ್ಞಾನಿ. ಸೂರ್ಯನ ಬೆಳಕು ಸಾವಯವ ಸಂಯುಕ್ತಗಳಲ್ಲಿ ಉಂಟುಮಾಡುವ ಬದಲಾವಣೆಗಳನ್ನು ಕ್ರಮಬದ್ಧವಾಗಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಒಬ್ಬರಾದ ಇವರನ್ನು ಸಾವಯವ ದ್ಯುತಿರಸಾಯನಶಾಸ್ತ್ರದ ಸ್ಥಾಪಕರೆಂದು ಪರಿಗಣಿಸಲಾಗಿದೆ. ಪಿರೋಲ್ ಎಂಬ ಸಂಯುಕ್ತದ ಮೇಲಿನ ಸಂಶೋಧನೆಯೂ ಇವರಿಗೆ ಕೀರ್ತಿ ತಂದಿತು. 1889ರಿಂದ ಕೊನೆಯವರೆಗೆ ಇವರು ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು.

ಇಂದು ಚಾಮಿಚಾನ್ ಅವರ ಹೆಸರು ಹೆಚ್ಚಾಗಿ ಕೇಳಿಬರುವುದು 1912ರಲ್ಲಿ ನ್ಯೂಯಾರ್ಕಿನಲ್ಲಿ ಅವರು ನೀಡಿದ ಒಂದು ಉಪನ್ಯಾಸದ ಕಾರಣದಿಂದ. ಕಲ್ಲಿದ್ದಲು ಒಂದು ದಿನ ಬರಿದಾಗುವ ನಿಧಿ, ಆದ್ದರಿಂದ ದಿನದಿನವೂ ಭೂಮಿಗೆ ಬರುತ್ತಿರುವ ಬಿಸಿಲಿನಿಂದಲೇ ಇಂಧನ ತಯಾರಿಸುವ ವಿಧಾನವನ್ನು ರಸಾಯನಶಾಸ್ತ್ರ ಕಂಡುಕೊಳ್ಳಬೇಕು ಎಂಬುದು ಅದರ ತಿರುಳು. ಈ ಕಾರಣಕ್ಕಾಗಿ ಇವರನ್ನು ಸೌರಶಕ್ತಿಯ ಪ್ರವಾದಿಯೆಂದು ಕರೆಯುವುದುಂಟು. ಆದರೆ ಚಾಮಿಚಾನ್ ತಮ್ಮ ಜೀವಮಾನದಲ್ಲಿ ಬಿಸಿಲಿನಿಂದ ಯಾವುದೇ ಇಂಧನವನ್ನು ತಯಾರಿಸಲಿಲ್ಲ. ಸೌರವಿದ್ಯುತ್ ಫಲಕವನ್ನೂ ರೂಪಿಸಲಿಲ್ಲ. ಬೆಳಕು ಅಣುಗಳಿಗೆ ಏನು ಮಾಡುತ್ತದೆ ಎಂಬ ಮೂಲಭೂತ ಪ್ರಶ್ನೆಗೆ ವರ್ಷಗಟ್ಟಲೆ ಪ್ರಯೋಗ ನಡೆಸಿ ಉತ್ತರ ಹುಡುಕಿದ್ದು, ಆ ಉತ್ತರಗಳಿಂದ ಮುಂದೆ ಏನು ಸಾಧ್ಯ ಎಂಬುದನ್ನು ಲೆಕ್ಕಹಾಕಿ ತೋರಿಸಿದ್ದು ಅವರ ಸಾಧನೆ.

ಜನನ ಮತ್ತು ವಿದ್ಯಾಭ್ಯಾಸ

ಚಾಮಿಚಾನ್ ಜನಿಸಿದ್ದು ಏಡ್ರಿಯಾಟಿಕ್ ಕಡಲ ತೀರದ ಟ್ರಿಯೆಸ್ಟೆ ಎಂಬ ಬಂದರು ನಗರದಲ್ಲಿ. ಆಗ ಆ ನಗರ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಮೊದಲನೆಯ ಮಹಾಯುದ್ಧದ ನಂತರವಷ್ಟೇ ಇಟಲಿಗೆ ಸೇರಿತು. ಅವರ ಕುಟುಂಬ ಆರ್ಮೇನಿಯನ್ ಮೂಲದ್ದು. ಹುಟ್ಟಿನಿಂದ ಆಸ್ಟ್ರಿಯಾದ ಪ್ರಜೆ, ವಂಶದಿಂದ ಆರ್ಮೇನಿಯನ್, ಬದುಕಿ ಬಾಳಿದ್ದು ಇಟಲಿಯ ವಿಜ್ಞಾನಿಯಾಗಿ. ಇದರಿಂದಾಗಿ ಬೇರೆ ಬೇರೆ ಗ್ರಂಥಗಳಲ್ಲಿ ಅವರ ರಾಷ್ಟ್ರೀಯತೆಯನ್ನು ಬೇರೆ ಬೇರೆಯಾಗಿ ನಮೂದಿಸಿರುವುದು ಕಂಡುಬರುತ್ತದೆ.

ಉನ್ನತ ವ್ಯಾಸಂಗಕ್ಕಾಗಿ ಅವರು ವಿಯೆನ್ನಾ ನಗರಕ್ಕೆ ತೆರಳಿದರು. ವಿದ್ಯಾರ್ಥಿಯಾಗಿದ್ದಾಗಲೇ ಮೂಲವಸ್ತುಗಳ ರೋಹಿತಗಳನ್ನು ಕುರಿತು ಸಂಶೋಧನ ಲೇಖನಗಳನ್ನು ಪ್ರಕಟಿಸಿದರು. ಕಾಯಿಸಿದ ಮೂಲವಸ್ತುವಿನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದಾಗ ಕಾಣುವ ಬಣ್ಣದ ರೇಖೆಗಳಲ್ಲಿ, ರಾಸಾಯನಿಕವಾಗಿ ಹತ್ತಿರದ ಸಂಬಂಧವುಳ್ಳ ಮೂಲವಸ್ತುಗಳ ನಡುವೆ ಸಾಮ್ಯವಿದೆ ಎಂಬುದು ಆ ಲೇಖನಗಳ ವಿಷಯವಾಗಿತ್ತು. ಮುಂದೆ ಇವರು ಬೆಳಕಿನ ವಿಷಯಕ್ಕೇ ಹಿಂದಿರುಗಿದರು ಎಂಬುದನ್ನು ಗಮನಿಸಿದರೆ ಈ ಆರಂಭ ಅರ್ಥಪೂರ್ಣವಾಗಿ ತೋರುತ್ತದೆ. ಶಾಲಾ ಶಿಕ್ಷಣದ ಅರ್ಹತೆಗೆ ಸಂಬಂಧಿಸಿದ ನಿಯಮಗಳಿಂದಾಗಿ ವಿಯೆನ್ನಾದಲ್ಲಿ ಡಾಕ್ಟರೇಟ್ ಪಡೆಯಲು ಅವರಿಗೆ ಸಾಧ್ಯವಾಗಲಿಲ್ಲ. 1880ರಲ್ಲಿ ಜರ್ಮನಿಯ ಗೀಸನ್ ವಿಶ್ವವಿದ್ಯಾಲಯದಿಂದ ಆ ಪದವಿಯನ್ನು ಪಡೆದರು.

ರೋಮ್ ಮತ್ತು ಪಿರೋಲ್ ಸಂಶೋಧನೆ

ಅದೇ ವರ್ಷ ಚಾಮಿಚಾನ್ ರೋಮ್ ನಗರಕ್ಕೆ ಬಂದು ಸ್ಟಾನಿಸ್ಲಾವೊ ಕಾನಿತ್ಸಾರೊ ಅವರ ಪ್ರಯೋಗಾಲಯವನ್ನು ಸೇರಿದರು. ಅಣು ಮತ್ತು ಪರಮಾಣುಗಳ ತೂಕಗಳಲ್ಲಿದ್ದ ಗೊಂದಲವನ್ನು ನಿವಾರಿಸಿ ರಸಾಯನಶಾಸ್ತ್ರಕ್ಕೆ ಭದ್ರವಾದ ತಳಹದಿ ಹಾಕಿದ ಹಿರಿಯರು ಕಾನಿತ್ಸಾರೊ. ಅವರ ಕೈಕೆಳಗೆ ಚಾಮಿಚಾನ್ ಕೈಗೆತ್ತಿಕೊಂಡ ವಸ್ತು ಪಿರೋಲ್. ನಾಲ್ಕು ಇಂಗಾಲ ಮತ್ತು ಒಂದು ಸಾರಜನಕ ಪರಮಾಣು ಸೇರಿ ಆದ ಐದು ಮೂಲೆಗಳ ಉಂಗುರ ಇದು. ಪ್ರಾಣಿಗಳ ಮೂಳೆಗಳನ್ನು ಗಾಳಿಯಿಲ್ಲದೆ ಕಾಯಿಸಿದಾಗ ಬರುವ ದುರ್ವಾಸನೆಯ ಎಣ್ಣೆಯಲ್ಲಿ ಇದು ದೊರೆಯುತ್ತದೆ.

1881ರಲ್ಲಿ ಚಾಮಿಚಾನ್ ಮತ್ತು ಜರ್ಮನಿಯ ಮಾಕ್ಸ್ ಡೆನ್‌ಸ್ಟೆಟ್ ಅವರು ಪಿರೋಲನ್ನು ಕ್ಲೋರೊಫಾರ್ಮ್ ಮತ್ತು ಪ್ರಬಲ ಪ್ರತ್ಯಾಮ್ಲದೊಂದಿಗೆ ವರ್ತಿಸುವಂತೆ ಮಾಡಿ ಕ್ಲೋರೊಪಿರಿಡೀನ್ ಪಡೆದರು. ಐದು ಪರಮಾಣುಗಳ ಉಂಗುರ ಆರು ಪರಮಾಣುಗಳ ಉಂಗುರವಾಗಿ ಹಿಗ್ಗುವ ಈ ಕ್ರಿಯೆ ಇಂದಿಗೂ ಚಾಮಿಚಾನ್–ಡೆನ್‌ಸ್ಟೆಟ್ ಪುನರ್ವಿನ್ಯಾಸ ಎಂಬ ಹೆಸರಿನಿಂದ ಪಠ್ಯಪುಸ್ತಕಗಳಲ್ಲಿದೆ. ಪಿರೋಲಿನ ಒಂದು ಅಯೋಡಿನ್ ಸಂಯುಕ್ತವನ್ನು ಅಯೋಡೊಫಾರ್ಮಿನ ಬದಲು ಗಾಯಗಳಿಗೆ ನಂಜುನಿರೋಧಕವಾಗಿ ಬಳಸಬಹುದೆಂದು ಅವರೂ ಅವರ ಸಹೋದ್ಯೋಗಿ ಪಾಲ್ ಸಿಲ್ಬರ್ ಅವರೂ ತೋರಿಸಿದರು. 1904ರಲ್ಲಿ ಜರ್ಮನ್ ರಸಾಯನ ಸಂಘವು ಬರ್ಲಿನ್‌ಗೆ ಇವರನ್ನು ಆಹ್ವಾನಿಸಿ, ಹಿಂದಿನ ಕಾಲು ಶತಮಾನದಲ್ಲಿ ಪಿರೋಲ್ ರಸಾಯನಶಾಸ್ತ್ರ ಸಾಗಿಬಂದ ಹಾದಿಯನ್ನು ಕುರಿತು ಉಪನ್ಯಾಸ ಏರ್ಪಡಿಸಿತು. ರಸಾಯನಶಾಸ್ತ್ರದಲ್ಲಿ ಜರ್ಮನಿಯೇ ಮುಂದಾಳಾಗಿದ್ದ ಆ ಕಾಲದಲ್ಲಿ ಹೊರದೇಶದವರಿಗೆ ಸಿಕ್ಕ ದೊಡ್ಡ ಗೌರವವಿದು.

ಪಿರೋಲ್ ಉಂಗುರದ ಮಹತ್ವ ಪೂರ್ಣವಾಗಿ ತಿಳಿದದ್ದು ಸ್ವಲ್ಪ ತಡವಾಗಿ. ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹೀಮ್ ಮತ್ತು ಎಲೆಗಳ ಹಸಿರಿಗೆ ಕಾರಣವಾದ ಪತ್ರಹರಿತ್ತು ಇವೆರಡೂ ನಾಲ್ಕು ಪಿರೋಲ್ ಉಂಗುರಗಳ ಜೋಡಣೆಯಿಂದಾದವು. ರಿಚರ್ಡ್ ವಿಲ್‌ಸ್ಟೆಟರ್ (1915) ಮತ್ತು ಹಾನ್ಸ್ ಫಿಷರ್ (1930) ಈ ವರ್ಣದ್ರವ್ಯಗಳ ಅಧ್ಯಯನಕ್ಕಾಗಿ ನೊಬೆಲ್ ಪ್ರಶಸ್ತಿ ಪಡೆದರು. ಹಸಿರು ಎಲೆ ಬಿಸಿಲನ್ನು ಹಿಡಿಯುವುದು ಈ ಉಂಗುರಗಳಿಂದ ಕಟ್ಟಿದ ಅಣುವಿನ ಮೂಲಕವೇ. ಚಾಮಿಚಾನ್ ಅವರ ಸಂಶೋಧನೆಯ ಎರಡು ಕವಲುಗಳು, ಪಿರೋಲ್ ಮತ್ತು ಬೆಳಕು, ಎಲೆಯಲ್ಲಿ ಒಂದಾಗುತ್ತವೆ.

1887ರಲ್ಲಿ ಪಾದುವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಅವರು ಎರಡು ವರ್ಷಗಳ ನಂತರ ಬೊಲೊನ್ಯಾಕ್ಕೆ ಬಂದು ಅಲ್ಲಿಯೇ ನೆಲೆಸಿದರು. ಆಂಜೆಲೊ ಆಂಜೆಲಿ ಮತ್ತು ಜುಸೆಪ್ಪೆ ಪ್ಲಾಂಕರ್ ಅವರು ಇವರ ಶಿಷ್ಯರಲ್ಲಿ ಪ್ರಮುಖರು.

ಬೆಳಕಿನ ಪ್ರಯೋಗಗಳು

ಬೆಳಕಿನಿಂದ ರಾಸಾಯನಿಕ ವಸ್ತುಗಳು ಬದಲಾಗುತ್ತವೆ ಎಂಬುದು ಹೊಸ ವಿಷಯವೇನೂ ಆಗಿರಲಿಲ್ಲ. ಬಟ್ಟೆಯ ಬಣ್ಣ ಬಿಸಿಲಿಗೆ ಮಾಸುವುದನ್ನು ಜನ ಅನಾದಿಯಿಂದ ಕಂಡಿದ್ದರು. ಬೆಳ್ಳಿಯ ಲವಣಗಳು ಬೆಳಕಿಗೆ ಕಪ್ಪಾಗುವ ಗುಣವನ್ನೇ ಬಳಸಿಕೊಂಡು ಛಾಯಾಗ್ರಹಣ ಒಂದು ಉದ್ಯಮವಾಗಿ ಬೆಳೆದಿತ್ತು. ಕಾನಿತ್ಸಾರೊ ಅವರ ಪ್ರಯೋಗಾಲಯದಲ್ಲಿಯೂ ಸ್ಯಾಂಟೊನಿನ್ ಎಂಬ ಸಸ್ಯಜನ್ಯ ವಸ್ತು ಬಿಸಿಲಿನಲ್ಲಿ ಮಾರ್ಪಾಡಾಗುವುದನ್ನು ಪರಿಶೀಲಿಸಲಾಗಿತ್ತು. ಆದರೆ ಇವೆಲ್ಲ ಬಿಡಿ ಬಿಡಿ ಸಂಗತಿಗಳಾಗಿದ್ದವು. ಯಾವ ಬಗೆಯ ಅಣು ಬೆಳಕಿನಲ್ಲಿ ಹೇಗೆ ವರ್ತಿಸುತ್ತದೆ ಎಂಬುದಕ್ಕೆ ಒಂದು ಶಾಸ್ತ್ರವಿರಲಿಲ್ಲ.

1886ರಲ್ಲಿ ಚಾಮಿಚಾನ್ ಅವರು ಕ್ವಿನೋನನ್ನು ಆಲ್ಕೊಹಾಲಿನಲ್ಲಿ ಕರಗಿಸಿ ಬಿಸಿಲಿಗೆ ಇಟ್ಟಾಗ ಅದು ಹೈಡ್ರೊಕ್ವಿನೋನ್ ಆಗಿ ಮಾರ್ಪಟ್ಟದ್ದನ್ನು ಗಮನಿಸಿದರು. ಆಲ್ಕೊಹಾಲಿನಿಂದ ಜಲಜನಕ ಕ್ವಿನೋನಿಗೆ ವರ್ಗಾವಣೆಯಾಗಿತ್ತು. ಅದನ್ನು ನಡೆಸಿದ್ದು ಬೆಳಕು. ಇದೇ ಕಾಲಕ್ಕೆ ಬಾನ್ ನಗರದಲ್ಲಿ ಹೈನ್‌ರಿಖ್ ಕ್ಲಿಂಗರ್ ಅವರೂ ಇಂತಹ ಪ್ರಯೋಗಗಳಲ್ಲಿ ತೊಡಗಿದ್ದರು. ಚಾಮಿಚಾನ್ ಈ ವಿಷಯವನ್ನು ಬದಿಗಿಟ್ಟು ಪಿರೋಲ್ ಸಂಶೋಧನೆಯನ್ನು ಮುಂದುವರಿಸಿದರು.

ಮತ್ತೆ ಅವರು ಬೆಳಕಿನತ್ತ ತಿರುಗಿದ್ದು 1900ರಲ್ಲಿ. ಆಗ ಅವರಿಗೆ 43 ವರ್ಷ. ಸಿಲ್ಬರ್ ಅವರೊಡನೆ ಕೂಡಿ ಬೆಳಕಿನ ರಾಸಾಯನಿಕ ಕ್ರಿಯೆಗಳು ಎಂಬ ಶೀರ್ಷಿಕೆಯಲ್ಲಿ ಲೇಖನಮಾಲೆಯೊಂದನ್ನು ಜರ್ಮನ್ ಮತ್ತು ಇಟಾಲಿಯನ್ ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದರು. ಮಹಾಯುದ್ಧ ಈ ಜೊತೆಗೆಲಸವನ್ನು ಮುರಿಯುವವರೆಗೂ ಅದು ಮುಂದುವರಿಯಿತು.

ಪ್ರಯೋಗದ ವಿಧಾನ ಸರಳವಾಗಿತ್ತು. ಪರೀಕ್ಷಿಸಬೇಕಾದ ದ್ರಾವಣವನ್ನು ಗಾಜಿನ ಕೊಳವೆಗಳಲ್ಲಿ ಮತ್ತು ದೊಡ್ಡ ಕುಪ್ಪಿಗಳಲ್ಲಿ ತುಂಬಿ, ಬಾಯನ್ನು ಬೆಸೆದು, ಪ್ರಯೋಗಾಲಯದ ಬಿಸಿಲುಮಚ್ಚಿನ ಮೇಲೆ ಇಡುತ್ತಿದ್ದರು. ಸಾಲು ಸಾಲಾದ ನೂರಾರು ಕುಪ್ಪಿಗಳ ನಡುವೆ ಗಡ್ಡಧಾರಿ ಪ್ರಾಧ್ಯಾಪಕರು ನಿಂತು ಪರಿಶೀಲಿಸುತ್ತಿರುವ ಛಾಯಾಚಿತ್ರ ಪ್ರಸಿದ್ಧವಾಗಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಉಪ್ಪಿನಕಾಯಿ ಜಾಡಿಗಳನ್ನು ಬಿಸಿಲಿಗಿಟ್ಟ ದೃಶ್ಯವನ್ನು ಅದು ನೆನಪಿಗೆ ತರುತ್ತದೆ. ಇಂದಿನ ಪ್ರಯೋಗಾಲಯಗಳಲ್ಲಿರುವಂತಹ ಪ್ರಬಲ ದೀಪಗಳು ಅಲ್ಲಿರಲಿಲ್ಲ. ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷವೇ ಕಾಯಬೇಕಾಗುತ್ತಿತ್ತು. ಮೋಡ ಕವಿದ ಚಳಿಗಾಲದಲ್ಲಿ ಕೆಲಸ ನಿಧಾನವಾಗುತ್ತಿತ್ತು. ಕೊನೆಗೆ ಕುಪ್ಪಿಯನ್ನು ಒಡೆದು, ಒಳಗಿನ ಮಿಶ್ರಣದಲ್ಲಿ ಯಾವ ಯಾವ ವಸ್ತುಗಳು ಎಷ್ಟೆಷ್ಟು ಹುಟ್ಟಿಕೊಂಡಿವೆ ಎಂಬುದನ್ನು ಬೇರ್ಪಡಿಸಿ ಗುರುತಿಸಬೇಕಾಗಿತ್ತು. ಆಧುನಿಕ ವಿಶ್ಲೇಷಣೋಪಕರಣಗಳಿಲ್ಲದ ಆ ಕಾಲದಲ್ಲಿ ಇದೇ ಅತ್ಯಂತ ಕಠಿಣವಾದ ಭಾಗ.

ಬಿಸಿಲಿನಲ್ಲಿ ಬೆಳಕಿನ ಜೊತೆಗೆ ಶಾಖವೂ ಇರುವುದರಿಂದ, ಕ್ರಿಯೆ ನಡೆದದ್ದು ಬೆಳಕಿನಿಂದಲೋ ಶಾಖದಿಂದಲೋ ಎಂಬ ಸಂದೇಹಕ್ಕೆ ಎಡೆಯುಂಟು. ಇದನ್ನು ಪರಿಹರಿಸಲು ಅವರು ಬಣ್ಣದ ದ್ರಾವಣಗಳನ್ನು ಸೋಸುಕಗಳಂತೆ ಬಳಸಿ, ಒಂದು ಕುಪ್ಪಿಗೆ ನೀಲಿ ಬೆಳಕು ಮಾತ್ರ, ಇನ್ನೊಂದಕ್ಕೆ ಕೆಂಪು ಬೆಳಕು ಮಾತ್ರ ತಲಪುವಂತೆ ಏರ್ಪಡಿಸಿದರು. ಅವರು ಪರೀಕ್ಷಿಸಿದ ಕ್ರಿಯೆಗಳನ್ನು ನಡೆಸುತ್ತಿದ್ದುದು ಮುಖ್ಯವಾಗಿ ನೀಲಿ ಮತ್ತು ನೇರಳೆ ಭಾಗದ ಬೆಳಕು. ಎಂದರೆ, ಕಾಯಿಸುವ ಕಿರಣಗಳಲ್ಲ, ಹೆಚ್ಚಿನ ಚೈತನ್ಯವುಳ್ಳ ಕಿರಣಗಳೇ ಕಾರಣ. ದ್ಯುತಿರಸಾಯನಶಾಸ್ತ್ರ ಬರಿಯ ಶಾಖರಸಾಯನಶಾಸ್ತ್ರವಲ್ಲ, ಅದಕ್ಕೆ ಅದರದೇ ನಿಯಮಗಳಿವೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಈ ಅವಧಿಯಲ್ಲಿ ಅವರು ಕಂಡುಹಿಡಿದ ಕ್ರಿಯೆಗಳು ಅನೇಕ. ಬೆಂಜೊಫೀನೋನ್ ಆಲ್ಕೊಹಾಲಿನಲ್ಲಿ ಬೆಳಕಿಗೆ ಒಡ್ಡಿದಾಗ ಎರಡೆರಡು ಅಣುಗಳು ಜೋಡಿಯಾಗಿ ಬೆಂಜೊಪಿನಕಾಲ್ ಆಗುವುದನ್ನು 1900ರಲ್ಲಿಯೂ, ಆರ್ಥೊನೈಟ್ರೊಬೆಂಜಾಲ್ಡಿಹೈಡ್ ಬೆಳಕಿನಿಂದ ನೈಟ್ರೊಸೊಬೆಂಜೋಯಿಕ್ ಆಮ್ಲವಾಗುವುದನ್ನು 1901ರಲ್ಲಿಯೂ ವರದಿ ಮಾಡಿದರು. ಕೀಟೋನುಗಳ ಉಂಗುರ ಬೆಳಕಿನಿಂದ ತುಂಡಾಗುವುದನ್ನೂ ತೋರಿಸಿದರು. ಈ ಬಗೆಯ ಕ್ರಿಯೆ ಇಂದು ಬ್ರಿಟನ್ನಿನ ರೊನಾಲ್ಡ್ ನಾರಿಷ್ ಅವರ ಹೆಸರಿನಲ್ಲಿದೆ. 1908ರಲ್ಲಿ ಅವರು ಪ್ರಕಟಿಸಿದ ಒಂದು ಫಲಿತಾಂಶ ವಿಶೇಷವಾದುದು. ಅಜವಾನದ ಜಾತಿಯ ಬೀಜಗಳ ಎಣ್ಣೆಯಲ್ಲಿ ದೊರೆಯುವ ಕಾರ್ವೋನ್ ಎಂಬ ವಸ್ತುವನ್ನು ಸುಮಾರು ಒಂದು ವರ್ಷ ಬಿಸಿಲಿನಲ್ಲಿಟ್ಟಾಗ ಕರ್ಪೂರದಂತಹ ಘನವಸ್ತು ದೊರೆಯಿತು. ಅಣುವಿನ ಎರಡು ಜೋಡಿಬಂಧಗಳು ಒಂದಕ್ಕೊಂದು ಕೂಡಿಕೊಂಡು ನಾಲ್ಕು ಮೂಲೆಗಳ ಉಂಗುರ ಏರ್ಪಟ್ಟಿದೆ ಎಂದು ಅವರು ಊಹಿಸಿದರು. ಸುಮಾರು ಅರ್ಧ ಶತಮಾನದ ನಂತರ, 1957ರಲ್ಲಿ, ಅಮೆರಿಕದ ರಸಾಯನವಿಜ್ಞಾನಿಗಳು ಆ ರಚನೆಯನ್ನು ಖಚಿತಪಡಿಸಿದರು. ಇಂತಹ ಕ್ರಿಯೆ ಇಂದು ಔಷಧಗಳ ಸಂಶ್ಲೇಷಣೆಯಲ್ಲಿ ಸಾಮಾನ್ಯ ಸಾಧನವಾಗಿದೆ.

ಬಿಸಿಲನ್ನು ಕೂಡಿಡುವ ಸಮಸ್ಯೆ

ಚಾಮಿಚಾನ್ ಅವರ ಮುಂದಿನ ಚಿಂತನೆಯನ್ನು ಅರಿಯಲು ಒಂದು ವ್ಯತ್ಯಾಸವನ್ನು ತಿಳಿದಿರುವುದು ಅಗತ್ಯ. ಬೆಳಕಿನಿಂದ ನಡೆಯುವ ಎಲ್ಲ ಕ್ರಿಯೆಗಳೂ ಬೆಳಕಿನ ಶಕ್ತಿಯನ್ನು ಕೂಡಿಡುವುದಿಲ್ಲ. ಹಲವು ಕ್ರಿಯೆಗಳಲ್ಲಿ ಬೆಳಕು ಬೆಂಕಿಕಡ್ಡಿಯ ಕೆಲಸ ಮಾಡುತ್ತದೆ: ತಾನಾಗಿಯೇ ಇಳಿಜಾರಿನತ್ತ ಹೋಗಬಲ್ಲ ಕ್ರಿಯೆಗೆ ಆರಂಭ ಕೊಡುತ್ತದೆ, ಅಷ್ಟೆ. ಇಂಧನ ತಯಾರಿಸಬೇಕಾದರೆ ಕ್ರಿಯೆ ಏರುಮುಖವಾಗಿರಬೇಕು. ನೀರನ್ನು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯುವುದು ಇಂತಹ ಕ್ರಿಯೆ. ಒಡೆಯಲು ಶಕ್ತಿ ಬೇಕು. ಆ ಎರಡನ್ನೂ ಮತ್ತೆ ಕೂಡಿಸಿ ಉರಿಸಿದಾಗ ಆ ಶಕ್ತಿ ಮರಳಿ ದೊರೆಯುತ್ತದೆ. ಹಸಿರು ಎಲೆ ಮಾಡುವುದು ಇದನ್ನೇ: ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಸಕ್ಕರೆ ತಯಾರಿಸಿ ಬಿಸಿಲಿನ ಶಕ್ತಿಯನ್ನು ಅದರ ಬಂಧಗಳಲ್ಲಿ ಅಡಗಿಸುತ್ತದೆ. ಸೌದೆ ಇತ್ತೀಚಿನ ಬಿಸಿಲು, ಕಲ್ಲಿದ್ದಲು ಕೋಟ್ಯಂತರ ವರ್ಷಗಳ ಹಿಂದಿನ ಬಿಸಿಲು.

ಚಾಮಿಚಾನ್ ಮತ್ತು ಸಿಲ್ಬರ್ ಕಂಡುಹಿಡಿದ ಕ್ರಿಯೆಗಳಲ್ಲಿ ಹೆಚ್ಚಿನವು ಇಂಧನದ ದೃಷ್ಟಿಯಿಂದ ಉಪಯುಕ್ತವಾಗಿರಲಿಲ್ಲ. ಈ ಮಿತಿ ಚಾಮಿಚಾನ್ ಅವರಿಗೆ ತಿಳಿದೇ ಇತ್ತು. ಆದರೆ ಬೆಳಕು ಒಂದು ಅಣುವಿನಿಂದ ಜಲಜನಕವನ್ನು ಕಿತ್ತು ಇನ್ನೊಂದಕ್ಕೆ ಸೇರಿಸಬಲ್ಲದು, ಬಂಧಗಳನ್ನು ಒಡೆಯಬಲ್ಲದು, ಹೊಸದಾಗಿ ಕಟ್ಟಬಲ್ಲದು ಎಂಬುದನ್ನು ಅವರು ಕೈಯಾರೆ ಕಂಡಿದ್ದರು. ಎಲೆ ಮಾಡುವುದನ್ನು ಗಾಜಿನ ಪಾತ್ರೆಯೂ ಮಾಡಬಾರದೇಕೆ ಎಂಬ ಪ್ರಶ್ನೆ ಇದರಿಂದ ಸಹಜವಾಗಿ ಹುಟ್ಟಿತು.

ಆ ಕಾಲದಲ್ಲಿ ಬಿಸಿಲಿನ ಶಾಖವನ್ನು ಬಳಸುವ ಪ್ರಯತ್ನಗಳು ನಡೆದಿದ್ದವು. ಫ್ರಾನ್ಸಿನ ಆಗಸ್ಟೆನ್ ಮೂಶೊ 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಬಿಸಿಲಿನ ಉಗಿಯಂತ್ರವನ್ನು ಪ್ರದರ್ಶಿಸಿದ್ದರು. ಅಮೆರಿಕದ ಫ್ರಾಂಕ್ ಷೂಮನ್ 1913ರಲ್ಲಿ ಈಜಿಪ್ಟಿನ ಮಾಆದಿಯಲ್ಲಿ ಉದ್ದನೆಯ ಕನ್ನಡಿ ತೊಟ್ಟಿಗಳಿಂದ ಉಗಿ ತಯಾರಿಸಿ ನೈಲ್ ನದಿಯ ನೀರನ್ನು ಹೊಲಗಳಿಗೆ ಎತ್ತಿಸಿದರು. ಆದರೆ ಉಗಿಯಂತ್ರ ಸೂರ್ಯ ಮುಳುಗಿದೊಡನೆ ನಿಲ್ಲುತ್ತದೆ. ಇಂಧನವನ್ನಾದರೋ ಸಂಗ್ರಹಿಸಿ ರಾತ್ರಿಗೂ ಮಳೆಗಾಲಕ್ಕೂ ದೂರದ ಊರಿಗೂ ಒಯ್ಯಬಹುದು.

1912ರ ನ್ಯೂಯಾರ್ಕ್ ಉಪನ್ಯಾಸ

1912ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಅನ್ವಯಿಕ ರಸಾಯನಶಾಸ್ತ್ರದ ಎಂಟನೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿ ಚಾಮಿಚಾನ್ ಭವಿಷ್ಯದ ದ್ಯುತಿರಸಾಯನಶಾಸ್ತ್ರ ಎಂಬ ವಿಷಯದ ಮೇಲೆ ಮಾತನಾಡಿದರು. ಅದೇ ತಿಂಗಳು ಅದು ಅಮೆರಿಕದ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅವರು ವಿಷಯವನ್ನು ಆರಂಭಿಸಿದ್ದು ಕಲ್ಲಿದ್ದಲಿನಿಂದ. ಅಂದಿನ ನಾಗರಿಕತೆ ನಿಂತಿರುವುದು ಪ್ರಾಚೀನ ಸೌರಶಕ್ತಿಯ ದಾಸ್ತಾನಿನ ಮೇಲೆ, ಆ ದಾಸ್ತಾನು ಮರುಪೂರಣವಾಗುವಂಥದಲ್ಲ ಎಂದು ಎಚ್ಚರಿಸಿದರು. ನಂತರ ಅಂಕಿಗಳನ್ನು ಮುಂದಿಟ್ಟರು. 1909ರಲ್ಲಿ ಯುರೋಪ್ ಮತ್ತು ಅಮೆರಿಕದ ಗಣಿಗಳಿಂದ ತೆಗೆದ ಕಲ್ಲಿದ್ದಲು ಮತ್ತು ಲಿಗ್ನೈಟ್ ಸೇರಿ ಸುಮಾರು 110 ಕೋಟಿ ಟನ್. ಉಷ್ಣವಲಯದ 10,000 ಚದರ ಕಿಲೋಮೀಟರ್ ನೆಲದ ಮೇಲೆ ದಿನಕ್ಕೆ ಆರು ಗಂಟೆಯಂತೆ ಬಿಸಿಲು ಬಿದ್ದರೆ ವರ್ಷಕ್ಕೆ ದೊರೆಯುವ ಶಾಖ 300 ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲನ್ನು ಉರಿಸಿದ್ದಕ್ಕೆ ಸಮ. ವಾತಾವರಣದಲ್ಲಿ ಆಗುವ ನಷ್ಟವನ್ನು ಕಳೆದರೂ, ರೋಮ್ ನಗರವಿರುವ ಲಾಟ್ಸಿಯೊ ಪ್ರಾಂತದಷ್ಟು ಚಿಕ್ಕದಾದ ಉಷ್ಣವಲಯದ ದೇಶವೊಂದಕ್ಕೆ ಬರುವ ಬಿಸಿಲು ಇಡೀ ಜಗತ್ತಿನ ಕಲ್ಲಿದ್ದಲಿನ ಉತ್ಪಾದನೆಗೆ ಸರಿಸಮ ಎಂಬುದು ಅವರ ಲೆಕ್ಕ. 60 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಸಹಾರಾ ಮರುಭೂಮಿಗೆ ಪ್ರತಿದಿನ ಬೀಳುವ ಬಿಸಿಲು 600 ಕೋಟಿ ಟನ್ ಕಲ್ಲಿದ್ದಲಿಗೆ ಸಮನೆಂದರು. ಭೂಮಿಗೆ ತಲಪುವ ಸೌರಶಕ್ತಿಯ ಪ್ರಮಾಣಕ್ಕೆ ಅವರು ಬಳಸಿದ ಮೂಲಾಂಕ, ಎಂದರೆ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ 3 ಕ್ಯಾಲೊರಿ, ಇಂದಿನ ಅಳತೆಗಿಂತ ಹೆಚ್ಚು; ಈಗ ಒಪ್ಪಿರುವ ಬೆಲೆ 2 ಕ್ಯಾಲೊರಿಗಿಂತ ಸ್ವಲ್ಪ ಕಡಿಮೆ. ಆದರೂ ಅವರ ನಿರ್ಣಯದ ದಿಕ್ಕು ಇದರಿಂದ ಬದಲಾಗುವುದಿಲ್ಲ.

ಸಸ್ಯಗಳ ಲೆಕ್ಕವನ್ನೂ ಅವರು ಹಾಕಿದ್ದರು. ಭೂಮಿಯ ಮೇಲಿನ ಸಸ್ಯಗಳು ವರ್ಷಕ್ಕೆ ಸುಮಾರು 3,200 ಕೋಟಿ ಟನ್ ಸಾವಯವ ವಸ್ತುವನ್ನು ಉತ್ಪಾದಿಸುತ್ತವೆ, ಅದರ ಶಾಖ ಅಂದಿನ ಕಲ್ಲಿದ್ದಲು ಉತ್ಪಾದನೆಯ ಸುಮಾರು 17 ಪಟ್ಟು ಎಂಬುದು ಅವರ ಅಂದಾಜು. ಆದ್ದರಿಂದ ಮೊದಲ ಹಾದಿ ಸಸ್ಯಗಳದೇ: ಬೆಳೆಯ ಇಳುವರಿಯನ್ನು ಹೆಚ್ಚಿಸಿ, ಉಪಯುಕ್ತ ರಾಸಾಯನಿಕಗಳನ್ನು ಸಸ್ಯಗಳಿಂದಲೇ ಪಡೆಯುವುದು. ಎರಡನೆಯ ಹಾದಿ ಕೃತಕವಾದುದು. ತಕ್ಕ ವೇಗವರ್ಧಕಗಳು ದೊರೆತರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಮಿಶ್ರಣವನ್ನು ಬೆಳಕಿನ ಶಕ್ತಿಯಿಂದ ಮೀಥೇನ್ ಮತ್ತು ಆಮ್ಲಜನಕಗಳಾಗಿ ಪರಿವರ್ತಿಸುವುದು ಸಾಧ್ಯವಾಗಬೇಕೆಂದು ಅವರು ಸೂಚಿಸಿದರು. ಇಂದು ಕೃತಕ ದ್ಯುತಿಸಂಶ್ಲೇಷಣೆ ಅಥವಾ ಸೌರ ಇಂಧನ ಎಂದು ಕರೆಯಲಾಗುವ ಸಂಶೋಧನಾ ಕ್ಷೇತ್ರದ ಗುರಿ ಈ ಒಂದು ಸೂಚನೆಯಲ್ಲಿ ಅಡಕವಾಗಿದೆ. ಬೆಳಕಿನಿಂದ ನೇರವಾಗಿ ವಿದ್ಯುತ್ತನ್ನು ಪಡೆಯುವ ಕೋಶಗಳ ಸಾಧ್ಯತೆಯನ್ನೂ ಅವರು ಚರ್ಚಿಸಿದರು.

ಉಪನ್ಯಾಸದಲ್ಲಿ ನೆಲದ ಹಂಚಿಕೆಯ ಬಗ್ಗೆ ಸ್ಪಷ್ಟ ನಿಲುವಿತ್ತು. ಎಲ್ಲಿ ಮಣ್ಣು ಫಲವತ್ತಾಗಿದೆಯೋ ಅಲ್ಲಿ ದ್ಯುತಿರಾಸಾಯನಿಕ ಕಾರ್ಯವನ್ನು ಸಸ್ಯಗಳಿಗೇ ಬಿಡಬೇಕು. ಕೃತಕ ಕ್ರಮವನ್ನು ಏನೂ ಬೆಳೆಯದ ಬರಡು ನೆಲಗಳಲ್ಲಿ ಸ್ಥಾಪಿಸಬೇಕು. ಹೊಗೆಯಿಲ್ಲದ, ಹೊಗೆಕೊಳವೆಗಳಿಲ್ಲದ ಉದ್ಯಮನಗರಗಳು ಮರುಭೂಮಿಗಳಲ್ಲಿ ಏಳುವ ಚಿತ್ರವನ್ನು ಅವರು ಬಿಡಿಸಿದರು. ಬಯಲಿನ ತುಂಬ ಗಾಜಿನ ಕೊಳವೆಗಳ ಕಾಡು, ಅವುಗಳೊಳಗೆ ನಡೆಯುವ ಬೆಳಕಿನ ಕ್ರಿಯೆಗಳು. ಬೆಳಕಿಗೆ ಬಣ್ಣ ಬದಲಿಸುವ ಉಡುಪುಗಳ ಬಗ್ಗೆಯೂ ಹಾಸ್ಯದ ಧಾಟಿಯಲ್ಲಿ ಪ್ರಸ್ತಾಪಿಸಿದರು. ಕಲ್ಲಿದ್ದಲು ಮುಗಿದರೂ ನಾಗರಿಕತೆ ಮುಗಿಯಬೇಕಾಗಿಲ್ಲ, ಆದರೆ ನಿಸರ್ಗದಷ್ಟು ನಿಧಾನವಾಗಿ ಸಾಗುವ ವ್ಯವಧಾನ ಮನುಷ್ಯನಿಗಿಲ್ಲ ಎಂಬ ಎಚ್ಚರಿಕೆಯೂ ಅದರಲ್ಲಿತ್ತು.

ಈ ವಿಚಾರಗಳು ಒಂದೇ ದಿನ ಮೂಡಿದವಲ್ಲ. ಹೊಸ ಶತಮಾನದ ರಾಸಾಯನಿಕ ಸಮಸ್ಯೆಗಳನ್ನು ಕುರಿತು 1903ರಲ್ಲಿ ಬೊಲೊನ್ಯಾದಲ್ಲಿ ಮಾಡಿದ ಭಾಷಣದಲ್ಲಿಯೇ ಅವರು ಶಕ್ತಿಯ ಪ್ರಶ್ನೆಯನ್ನು ಎತ್ತಿದ್ದರು.

ಕೊನೆಯ ವರ್ಷಗಳು

1910ರಲ್ಲಿ ಚಾಮಿಚಾನ್ ಇಟಲಿಯ ಸೆನೆಟ್ ಸದಸ್ಯರಾದರು. ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಅನೇಕ ಬಾರಿ ಸೂಚಿತವಾಯಿತು, ಆದರೆ ಪ್ರಶಸ್ತಿ ದೊರೆಯಲಿಲ್ಲ.

1915ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಜರ್ಮನಿಯವರಾದ ಸಿಲ್ಬರ್ ಅವರೊಡನೆ ದಶಕಗಳ ಕಾಲ ನಡೆದ ಜೊತೆಗೆಲಸ ಕೊನೆಗೊಂಡಿತು. ಬಿಸಿಲುಮಚ್ಚಿನ ಪ್ರಯೋಗಗಳ ಮಹತ್ವದ ಯುಗವೂ ಅಲ್ಲಿಗೆ ಮುಗಿಯಿತೆನ್ನಬಹುದು. ಜೀವನದ ಕೊನೆಯ ಘಟ್ಟದಲ್ಲಿ ಅವರು ಚಿರೊ ರವೆನ್ನಾ ಅವರೊಡನೆ ಸಸ್ಯಗಳ ರಸಾಯನಶಾಸ್ತ್ರವನ್ನು ಅಭ್ಯಸಿಸಿದರು. ಮೆಕ್ಕೆಜೋಳದ ಗಿಡಗಳಿಗೆ ಸಾಲಿಜೆನಿನ್ ಎಂಬ ವಸ್ತುವನ್ನು ಚುಚ್ಚಿ ಸೇರಿಸಿದಾಗ ಗಿಡ ಅದನ್ನು ಸಕ್ಕರೆಯೊಂದಿಗೆ ಕೂಡಿಸಿ ಸಾಲಿಸಿನ್ ತಯಾರಿಸಿತು. ಸಾಲಿಸಿನ್ ಸ್ವಾಭಾವಿಕವಾಗಿ ಸಿಗುವುದು ವಿಲೋ ಮರದ ತೊಗಟೆಯಲ್ಲಿ. ಸಸ್ಯಗಳನ್ನೇ ರಾಸಾಯನಿಕ ಕಾರ್ಖಾನೆಗಳಂತೆ ಬಳಸಬಹುದೆಂಬ ಉಪನ್ಯಾಸದ ಮಾತಿಗೆ ಇದೊಂದು ಪ್ರಾಯೋಗಿಕ ನಿದರ್ಶನವಾಯಿತು. 1922ರ ಜನವರಿ 2ರಂದು ಬೊಲೊನ್ಯಾದಲ್ಲಿ ಅವರು ನಿಧನರಾದರು.

ನಂತರದ ಬೆಳವಣಿಗೆ

ಚಾಮಿಚಾನ್ ಅವರ ಕರೆಗೆ ಸುಮಾರು ಅರವತ್ತು ವರ್ಷ ಯಾರೂ ಗಂಭೀರವಾಗಿ ಓಗೊಡಲಿಲ್ಲ. ಕಲ್ಲಿದ್ದಲಿಗೆ ಪರ್ಯಾಯವಾಗಿ ಬಂದದ್ದು ಬಿಸಿಲಲ್ಲ, ಪೆಟ್ರೋಲಿಯಂ. ಅಗ್ಗವಾಗಿ ಹರಿದುಬರುತ್ತಿದ್ದ ಎಣ್ಣೆಯ ಮುಂದೆ ಗಾಜಿನ ಕೊಳವೆಗಳ ಕಾಡು ಕನಸಿನಂತೆ ಕಂಡಿರಬೇಕು. ಬೆಳಕಿನಿಂದ ವಿದ್ಯುತ್ ಪಡೆಯುವ ಕೆಲಸ ಬೇರೆ ದಾರಿಯಲ್ಲಿ ಮುಂದುವರಿದು, 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸುಮಾರು ಶೇಕಡ 6ರಷ್ಟು ದಕ್ಷತೆಯ ಸಿಲಿಕಾನ್ ಸೌರಕೋಶ ಸಿದ್ಧವಾಯಿತು. ಇಂಧನದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು.

1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ ಅವರು ಟೈಟಾನಿಯಂ ಡೈಆಕ್ಸೈಡ್ ವಿದ್ಯುದ್ಧ್ರುವವನ್ನು ನೀರಿನಲ್ಲಿ ಮುಳುಗಿಸಿ ಅದರ ಮೇಲೆ ಬೆಳಕು ಬೀಳಿಸಿದಾಗ ನೀರು ಒಡೆಯುವುದನ್ನು ನೇಚರ್ ಪತ್ರಿಕೆಯಲ್ಲಿ ವರದಿ ಮಾಡಿದರು. ಮರುವರ್ಷವೇ ಎಣ್ಣೆಯ ಬಿಕ್ಕಟ್ಟು ಜಗತ್ತನ್ನು ತಟ್ಟಿದ್ದರಿಂದ ಈ ಪ್ರಯೋಗಕ್ಕೆ ಅಪಾರ ಗಮನ ದೊರೆಯಿತು. ಅದರ ಮಿತಿಯೂ ಬೇಗ ತಿಳಿಯಿತು: ಟೈಟಾನಿಯಂ ಡೈಆಕ್ಸೈಡ್ ಹೀರುವುದು ಅತಿನೇರಳೆ ಕಿರಣಗಳನ್ನು ಮಾತ್ರ, ಬಿಸಿಲಿನಲ್ಲಿ ಅವುಗಳ ಪಾಲು ಅತಿ ಕಡಿಮೆ. ಕಣ್ಣಿಗೆ ಕಾಣುವ ಬೆಳಕನ್ನು ಹೀರುವ ಅರೆವಾಹಕಗಳಲ್ಲಿ ಹಲವು ನೀರಿನಲ್ಲಿ ಬೇಗನೆ ಸವೆದುಹೋಗುತ್ತವೆ. ಹೆಚ್ಚು ಬೆಳಕು ಹೀರುವಿಕೆ, ದೀರ್ಘ ಬಾಳಿಕೆ, ಕಡಿಮೆ ಬೆಲೆ ಇವು ಮೂರೂ ಒಟ್ಟಿಗೆ ಒಂದೇ ವಸ್ತುವಿನಲ್ಲಿ ದೊರೆಯದಿರುವುದೇ ಈ ಕ್ಷೇತ್ರದ ಹಳೆಯ ತೊಡಕು.

1998ರಲ್ಲಿ ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಶಕ್ತಿ ಪ್ರಯೋಗಾಲಯದ ಆಸ್ಕರ್ ಹಸೆಲೆವ್ ಮತ್ತು ಜಾನ್ ಟರ್ನರ್ ಶೇಕಡ 12.4 ದಕ್ಷತೆಯಿಂದ ಜಲಜನಕ ತಯಾರಿಸಿದರು. ಆದರೆ ಸಾಧನ ದುಬಾರಿಯಾದ ಅರೆವಾಹಕಗಳಿಂದ ಕೂಡಿದ್ದು, ಬಾಳಿಕೆಯೂ ಕಡಿಮೆ. 2011ರಲ್ಲಿ ಡೇನಿಯಲ್ ನೊಸೆರಾ ಮತ್ತು ಸಂಗಡಿಗರು ಸಿಲಿಕಾನ್ ಕೋಶಕ್ಕೆ ಕೋಬಾಲ್ಟ್ ಮತ್ತು ನಿಕಲ್ ಆಧಾರಿತ ವೇಗವರ್ಧಕಗಳನ್ನು ಲೇಪಿಸಿ ಕೃತಕ ಎಲೆಯನ್ನು ಸಿದ್ಧಪಡಿಸಿದರು. ವಸ್ತುಗಳು ಅಗ್ಗ, ಆದರೆ ತಂತಿಯಿಲ್ಲದ ರೂಪದಲ್ಲಿ ಅದರ ದಕ್ಷತೆ ಶೇಕಡ 2.5 ಮಾತ್ರ. ಚಾಮಿಚಾನ್ ಹೆಸರಿಸಿದ ಮೀಥೇನಿನ ದಾರಿಯಲ್ಲಿ, ತಾಮ್ರದ ವಿದ್ಯುದ್ಧ್ರುವ ಇಂಗಾಲದ ಡೈಆಕ್ಸೈಡನ್ನು ಮೀಥೇನ್ ಮುಂತಾದ ಹೈಡ್ರೊಕಾರ್ಬನ್‌ಗಳಾಗಿಸಬಲ್ಲದು ಎಂದು ಜಪಾನಿನ ಯೊಶಿಯೊ ಹೋರಿ 1980ರ ದಶಕದಲ್ಲಿ ತೋರಿಸಿದರು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಸಿ. ಎನ್. ಆರ್. ರಾವ್ ಅವರ ತಂಡ ಬೆಳಕಿನಿಂದ ನೀರನ್ನು ಒಡೆಯುವ ವಸ್ತುಗಳ ಬಗ್ಗೆ ಸಂಶೋಧನೆ ನಡೆಸಿದೆ.

ಸ್ಮರಣೆ

ಬೊಲೊನ್ಯಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ ಚಾಮಿಚಾನ್ ಅವರ ಹೆಸರನ್ನಿಡಲಾಗಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದೇ ವಿಭಾಗದಲ್ಲಿ ವಿಂಚೆಂತ್ಸೊ ಬಾಲ್ತ್ಸಾನಿ ಮತ್ತು ಅವರ ಸಹೋದ್ಯೋಗಿಗಳು ಬೆಳಕಿಗೆ ಸ್ಪಂದಿಸುವ ಅಣುಗಳ ಅಧ್ಯಯನವನ್ನು ಮುಂದುವರಿಸಿ ಬೊಲೊನ್ಯಾವನ್ನು ಮತ್ತೆ ದ್ಯುತಿರಸಾಯನಶಾಸ್ತ್ರದ ಪ್ರಮುಖ ಕೇಂದ್ರವಾಗಿಸಿದರು. 1912ರ ಉಪನ್ಯಾಸವನ್ನು ಸೌರ ಇಂಧನ ಕುರಿತ ಸಂಶೋಧನ ಲೇಖನಗಳ ಪೀಠಿಕೆಗಳಲ್ಲಿ ಇಂದಿಗೂ ಉಲ್ಲೇಖಿಸಲಾಗುತ್ತಿದೆ.